ಸಾಕು ಅಂದ ಮೇಲೂ ಬಡಿಸುವ ಕೈ

ನನ್ನ ಮಗಳು ನನ್ನ ಕೈಯಡುಗೆ ಬಿಟ್ಟು ಆಗ ಎರಡೂವರೆ ತಿಂಗಳಾಗಿತ್ತು. ಊಟವನ್ನೇ ಪೂರ್ತಿ ಬಿಟ್ಟಿದ್ದಳೆಂದಲ್ಲ. ಒಳಗೆ ಏನೇನಿದೆ ಎಂದು ಮೇಲೆ ಅಚ್ಚು ಹಾಕಿರುವ ಅಂಗಡಿಯ ಪೊಟ್ಟಣಗಳನ್ನು ತಾನೇ ತಂದು, ತಾನೇ ಬಿಡಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಒಂದಿಷ್ಟು ತಿನ್ನುತ್ತಿದ್ದಳು. ನಾನು ಮುಟ್ಟಿದ ಪಾತ್ರೆಯದು ಮಾತ್ರ ಯಾವುದೂ ಬೇಡ.

ಅದಕ್ಕೆ ಕಾರಣ ನಾನೇ. ಕಾಯಿಲೆ ಶುರುವಾದದ್ದು ಎರಡನೇ ಪಿಯುಸಿಯಲ್ಲಿ. ಮೊದಲು ಅನ್ನ ಕಮ್ಮಿಯಾಯಿತು, ಆಮೇಲೆ ಎಣ್ಣೆ ಬೇಡವಾಯಿತು, ಆಮೇಲೆ ನಮ್ಮ ಜೊತೆ ಕೂರುವುದೇ ಬೇಡವಾಯಿತು. ಅದು ಕಾಯಿಲೆ ಎಂದು ತಿಳಿಯುವುದಕ್ಕೇ ನಮಗೆ ಬಹಳ ದಿನ ಹಿಡಿಯಿತು. ಆ ವಯಸ್ಸಿನ ಹುಡುಗಿಯರ ಬಿಂಕ ಎಂದುಕೊಂಡಿದ್ದೆವು. ಬಾಚಣಿಗೆ ತುಂಬ ಕೂದಲು ಬರತೊಡಗಿದಾಗ, ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಅವಳು ಕಿಟಕಿ ಪಕ್ಕ ಕೂತಾಗ ನನಗೆ ಹೆದರಿಕೆ ಹುಟ್ಟಿತು. ಬೇಳೆಸಾರಿಗೆ ಎರಡು ಚಮಚ ತುಪ್ಪ ಹಾಕಿ, ಮೇಲೆ ತೇಲದ ಹಾಗೆ ಚೆನ್ನಾಗಿ ಕಡೆದು ಬಡಿಸಿದೆ.

"ತುಪ್ಪ ಹಾಕಿದ್ಯಾಮ್ಮ?" ಎಂದು ಕೇಳಿದಳು.

"ಇಲ್ಲ ಕಂದ" ಎಂದೆ.

ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಓದಿದವಳು ನಾನು. ಸಣ್ಣ ಸುಳ್ಳಿಗೂ ರಾತ್ರಿ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವ ಅಭ್ಯಾಸ ಇಟ್ಟುಕೊಂಡವಳು. ಆ ಸುಳ್ಳನ್ನು ಮಾತ್ರ ವಾರಗಟ್ಟಲೆ ಕಣ್ಣು ಮಿಟುಕಿಸದೆ ಹೇಳಿದೆ. ಒಂದು ದಿನ ಸಾರು ಆರಿಹೋಗಿ ಬಟ್ಟಲಿನ ಅಂಚಿಗೆ ತೆಳ್ಳಗೆ ಬಿಳಿ ಗೆರೆ ಕಟ್ಟಿತ್ತು. ಅವಳು ಅದನ್ನು ಉಗುರಿನ ತುದಿಯಿಂದ ಕೆರೆದು ನೋಡಿದಳು. ಬಟ್ಟಲನ್ನು ಸಿಂಕಿನಲ್ಲಿ, ಶಬ್ದವಾಗದ ಹಾಗೆ ಇಟ್ಟು ಹೋದಳು. ಅಂದಿನಿಂದ ನಾನು ಮಾಡಿದ್ದನ್ನು ಮುಟ್ಟಲಿಲ್ಲ.

ತುಮಕೂರು ರಸ್ತೆಯ ಆಸ್ಪತ್ರೆಯಲ್ಲಿ ಮೂವರು ಅವಳನ್ನು ನೋಡುತ್ತಿದ್ದರು: ಒಬ್ಬ ದೊಡ್ಡ ಡಾಕ್ಟರು, ಒಬ್ಬ ಆಹಾರ ತಜ್ಞೆ, ಒಬ್ಬ ಮನಶ್ಶಾಸ್ತ್ರಜ್ಞೆ. ತೂಕ ಇನ್ನೂ ಇಳಿದರೆ ಸೇರಿಸಿಕೊಳ್ಳಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮನಶ್ಶಾಸ್ತ್ರಜ್ಞೆಗೆ ಮೂವತ್ತೆರಡೋ ಮೂವತ್ಮೂರೋ ಇರಬಹುದು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದಳು, ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು. ನಾವೆಲ್ಲ ಅವಳನ್ನು ಮೇಡಂ ಎನ್ನುತ್ತಿದ್ದೆವು. ನನಗಿಂತ ಚಿಕ್ಕವಳಾದರೂ ಹಾಗೆ ಕರೆಯಲು ನನಗೆ ಒಂದು ದಿನವೂ ಮುಜುಗರವಾಗಲಿಲ್ಲ. ಚಿಕಿತ್ಸೆಯ ಜೊತೆಗೆ ಅವಳು ಒಂದು ಅಧ್ಯಯನವನ್ನೂ ನಡೆಸುತ್ತಿದ್ದಳು: ಊಟಕ್ಕೆ ಹೆದರುವವರನ್ನು ಕಣ್ಣಿಗೆ ಕಟ್ಟುವ ಒಂದು ಯಂತ್ರದೊಳಗೆ, ನಿಜವಲ್ಲದ ಊಟದ ಮನೆಯಲ್ಲಿ ಕೂರಿಸಿ, ಹೆದರಿಕೆ ಎಲ್ಲಿ ಹುಟ್ಟುತ್ತದೆಂದು ನೋಡುವುದು, ಆಮೇಲೆ ಅದೇ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಧೈರ್ಯ ಅಭ್ಯಾಸ ಮಾಡಿಸುವುದು.

"ಇದರಿಂದಾನೇ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ ಆಂಟಿ. ಔಷಧಿ, ಊಟದ ಪಟ್ಟಿ, ನಿಮ್ಮ ಜೊತೆ ಮಾತು, ಅದೆಲ್ಲ ಇದ್ದೇ ಇರುತ್ತೆ. ಇದು ಜೊತೆಗೆ" ಎಂದು ಮೊದಲೇ ಹೇಳಿಬಿಟ್ಟಳು. ಇಷ್ಟು ಕಮ್ಮಿ ಭರವಸೆ ಕೊಟ್ಟು ಇಷ್ಟು ಹೆಚ್ಚು ಕೆಲಸ ಮಾಡುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಪ್ಪಿಗೆಯ ಕಾಗದಗಳನ್ನು ನನ್ನ ಮುಂದೆ ಇಡಲಿಲ್ಲ, ಮಗಳ ಮುಂದೆ ಇಟ್ಟಳು. ಹದಿನೆಂಟು ತುಂಬಿತ್ತು ಅವಳಿಗೆ. ಪ್ರತಿ ಸಾಲು ಓದಿ ಸಹಿ ಹಾಕಿದಳು.

ಮೊದಲ ಸಲ ತೋರಿಸಿದ್ದು ಹೊರದೇಶದಲ್ಲಿ ಮಾಡಿದ ಊಟದ ಮನೆ. ಬಿಳಿ ಬಟ್ಟೆ ಹಾಸಿದ ಮೇಜು, ಚಾಕು, ಮುಳ್ಳುಚಮಚ, ದೂರ ದೂರ ಕೂತ ಜನ. ಮಗಳು ಕಾಲು ಗಂಟೆ ಕೂತು ನಗುತ್ತಾ ಎದ್ದಳು.

"ನಂಗೇನೂ ಅನ್ನಿಸ್ಲಿಲ್ಲ ಮೇಡಂ. ಯಾವ್ದೋ ಹೋಟೆಲ್ ಅಡ್ವರ್ಟೈಸ್‌ಮೆಂಟ್ ನೋಡ್ದಂಗಿತ್ತು. ಅಲ್ಲಿ ಯಾರೂ ನನ್ ತಟ್ಟೆ ನೋಡ್ತಾನೇ ಇಲ್ಲ."

ನನಗೆ ಖುಷಿಯಾಯಿತು. ಮೇಡಂ ಮಾತ್ರ ಪೆನ್ಸಿಲ್ ಕಚ್ಚಿದಳು. "ಹೆದರಿಕೆ ಮನೆಗೆ ಬಂದ್ರೆ ತಾನೆ ಅದನ್ನ ಕೂರಿಸಿ ಮಾತಾಡ್ಸೋದು? ಬರಲೇ ಇಲ್ವಲ್ಲ" ಎಂದಳು.

ಹೀಗೆ ನಾವು ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತಕ್ಕೆ ಹೋಗುವಂತಾಯಿತು. ಲೋಹಕ್ಕೆ ಬಣ್ಣ ಹಿಡಿಸುವ ಪೌಡರ್ ಕೋಟಿಂಗ್ ಶೆಡ್ಡಿನ ಮೇಲಿನ ಮಹಡಿಯಲ್ಲಿ ಒಂದು ಚಿಕ್ಕ ಕಂಪನಿ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ತಗಡು ಒತ್ತುವ ನಿಜವಾದ ಪವರ್ ಪ್ರೆಸ್ಸಿಗೆ ಕೈ ಕೊಡುವ ಮುಂಚೆ, ಅಲ್ಲಿ ಅದೇ ಯಂತ್ರವನ್ನು ಕಣ್ಣಿಗೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದರು. ಅಲ್ಲಿ ಬೆರಳು ಹೋದರೂ ಬೆರಳು ಉಳಿಯುತ್ತದೆ. ನಮ್ಮ ಕಡೆಯಂಥ ಊಟದ ಮನೆ ಕಟ್ಟಿಕೊಡಲೆಂದು ಮೇಡಂ ಹುಡುಕಿ ಹುಡುಕಿ ಇವರನ್ನು ಹಿಡಿದಿದ್ದಳು. ನಮ್ಮವರು ಪೀಣ್ಯದಲ್ಲೇ ಟೂಲ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ವಿಷಯ ಕೇಳಿ, "ಪ್ರೆಸ್ ಟ್ರೇನಿಂಗ್ ಕೊಡೋ ಕಡೆ ಊಟದ ಟ್ರೇನಿಂಗಾ?" ಎಂದರು. ಆದರೂ ಮೊದಲ ಶನಿವಾರ ಬೈಕಿನಲ್ಲಿ ಮುಂದೆ ಮುಂದೆ ಹೋಗಿ ನಮ್ಮ ಆಟೋಗೆ ದಾರಿ ತೋರಿಸಿದರು. ನಮ್ಮ ಮನೆಯಿರುವ ಬಾಗಲಗುಂಟೆಯಿಂದ ಅಲ್ಲಿಗೆ ದಾರಿ ತೋರಿಸುವಂಥದ್ದೇನೂ ಇಲ್ಲ.

ಆ ಕೋಣೆಯನ್ನು ನಾನು ಮರೆಯುವುದಿಲ್ಲ. ಗೋಡೆಗೆ ಹೊಡೆದ ಮೊಳೆಗಳಿಗೆ ಕಣ್ಣಿಗೆ ಕಟ್ಟುವ ಏಳೆಂಟು ಹೆಡ್‌ಸೆಟ್ಟುಗಳು, ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಲು ಹಾಕಿದ್ದವು. ಕೆಳಗಿನಿಂದ ಬಿಸಿ ಬಣ್ಣದ ವಾಸನೆ. ನಡುವೆ ಒಂದು ಕುರ್ಚಿ, ಅದರ ಕಾಲುಗಳಿಗೆ ರಬ್ಬರ್ ಬೂಟು. ಅಲ್ಲಿಯ ಇಂಜಿನಿಯರು ನಲವತ್ತು ದಾಟಿದವರು, ಬಾಗಲಕೋಟೆ ಕಡೆಯವರು. ಫಿಟ್ಟರ್ ಆಗಿ ಬಂದು, ಡ್ರಾಯಿಂಗ್ ಕಲಿತು, ಕಂಪ್ಯೂಟರ್ ಕಲಿತು ಇಲ್ಲಿಗೆ ತಲುಪಿದವರು. ವಾರವೆಲ್ಲ ಕಂಪ್ಯೂಟರಿನಲ್ಲಿ ಯಂತ್ರ ಮಾಡಿ, ಶನಿವಾರ ಮಧ್ಯಾಹ್ನ ಮೇಡಂಗಾಗಿ ಊಟದ ಮನೆ ಕಟ್ಟುತ್ತಿದ್ದರು.

"ಅಕ್ಕಾರ, ಕಬ್ಬಿಣ ಮಾಡೂದು ಭಾಳ ಸರಳ್ರಿ. ಅನ್ನ ಮಾಡೂದೈತಲ್ಲ, ಅದು ಜೀವಾ ತಿಂತೈತಿ" ಎಂದು ಪರದೆ ನನ್ನತ್ತ ತಿರುಗಿಸಿದರು. ತಟ್ಟೆಯಲ್ಲಿ ಅನ್ನದ ಗುಡ್ಡೆ. "ಥರ್ಮೋಕೋಲ್ ಕಾಣಸ್ತೈತಿ, ಹೌದಿಲ್ರಿ?"

ಹೌದು, ಹಾಗೇ ಕಾಣುತ್ತಿತ್ತು. ನನಗೆ ಹೇಳಲು ಸಂಕೋಚ. ಕೊನೆಗೆ ಮೆಲ್ಲಗೆ ಹೇಳಿದೆ: ಅಗಳು ಎಲ್ಲವೂ ಒಂದೇ ಉದ್ದ ಇರಬಾರದು, ಕೆಲವು ಮುರಿದಿರಬೇಕು. ಸಾರು ಬಿದ್ದ ಕಡೆ ಅನ್ನ ಸ್ವಲ್ಪ ಕುಸಿಯಬೇಕು. ಸಾರು ತಟ್ಟೆಯ ಅಂಚಿಗೆ ಹೋಗುವ ಮೊದಲು ಗುಡ್ಡೆಯ ಬುಡದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಅವರು ಎಲ್ಲವನ್ನೂ ಬರೆದುಕೊಂಡರು. ಮುಂದಿನ ಶನಿವಾರ ನೋಡಿದರೆ ಅಗಳು ಮುರಿದಿದ್ದವು, ಸಾರು ನಿಂತು ಹೋಗುತ್ತಿತ್ತು. ಆ ಇಡೀ ವಾರ ಅವರು ಮಧ್ಯಾಹ್ನದ ಊಟವನ್ನು ತಿನ್ನದೆ ನೋಡುತ್ತಾ ಕೂತಿದ್ದರಂತೆ. ಯಾರದೋ ಮಗಳು ಒಂದು ತುತ್ತು ತಿನ್ನಲಿ ಎಂದು ಒಬ್ಬ ಮನುಷ್ಯ ಪರದೆಯ ಬೆಳಕಿನಲ್ಲಿ ಅನ್ನದ ಅಗಳು ಮುರಿಯುತ್ತಾ ಕೂರುವುದೆಂದರೆ ಸಾಮಾನ್ಯವೇ?

ಅವರು ಕಟ್ಟಿದ್ದು ಛತ್ರದಂಥ ಒಂದು ಊಟದ ಮನೆ. ಉದ್ದನೆಯ ಮೇಜು, ಸ್ಟೀಲ್ ತಟ್ಟೆ, ಮೇಲೆ ಫ್ಯಾನು, ಎಡಕ್ಕೂ ಬಲಕ್ಕೂ ಉಣ್ಣುವ ಜನ. ಸೀರೆ ಉಟ್ಟ ಒಬ್ಬ ಹೆಂಗಸು ಬಕೆಟ್ಟು ಹಿಡಿದು ಬಡಿಸುತ್ತಾ ಬರುತ್ತಾಳೆ. ಅವಳ ಕೈಗೆ ಮಾದರಿಯಾಗಿ ಇಂಜಿನಿಯರು ನನ್ನ ಕೈಯದೇ ಹತ್ತಾರು ಫೋಟೋ ತೆಗೆದಿದ್ದರು, ಸೌಟು ಹಿಡಿಸಿ, ತಿರುಗಿಸಿ, ಬಗ್ಗಿಸಿ. ಮಗಳು ಅದರೊಳಗೆ ಮೂರು ಶನಿವಾರ ಕೂತಳು. ಪ್ರತಿ ಸಲ ಮೇಡಂ, "ಹೆದರಿಕೆ ಹತ್ತರಲ್ಲಿ ಎಷ್ಟು?" ಎಂದು ಕೇಳುತ್ತಿದ್ದಳು. ಮೊದಲ ದಿನ ಎಂಟು. ಮೂರನೇ ವಾರಕ್ಕೆ ಎರಡು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಮನೆಗೆ ಬಂದರೆ ಅವಳು ಎಂದಿನಂತೆ ಪೊಟ್ಟಣ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದನ್ನು ನಾನು ಮೇಡಂಗೆ ಹೇಳಿದಾಗ ಅವಳು ಸಮರ್ಥನೆಗೆ ಇಳಿಯಲಿಲ್ಲ. "ಹಾಗಾದ್ರೆ ನಾವೇ ಏನೋ ತಪ್ಪು ಕಟ್ಟಿದೀವಿ" ಎಂದಳು. ಏನು ತಪ್ಪು ಎಂದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಕಂಡುಹಿಡಿದದ್ದು ನಮ್ಮತ್ತೆ. ಬಾಗಲಗುಂಟೆ ಇನ್ನೂ ರಾಗಿ ಹೊಲವಾಗಿದ್ದಾಗ ಅಲ್ಲಿಗೆ ಮದುವೆಯಾಗಿ ಬಂದವರು ಅವರು. ಸುತ್ತಮುತ್ತ ಕಾರ್ಖಾನೆ ಬಂದ ಮೇಲೂ ಅವರ ಮಾತು ಬದಲಾಗಲಿಲ್ಲ. ವಾರ ವಾರ ನಾವು ಎಲ್ಲಿಗೆ ಹೋಗುತ್ತೇವೆಂದು ನೋಡಲೇಬೇಕೆಂದು ಹಟ ಹಿಡಿದು ಆಟೋ ಹತ್ತಿದರು. ಮೆಟ್ಟಿಲ ಮೇಲೆ ಎರಡು ಸಲ ಕೂತು ಸುಧಾರಿಸಿಕೊಂಡರು. ಮೊಳೆಗೆ ತೂಗುಹಾಕಿದ ಹೆಡ್‌ಸೆಟ್ಟು ನೋಡಿ, "ಇದೇನ್ಲಾ ಇದು, ಕುದುರೆಗೆ ಕಟ್ಟೋ ಕಣ್ಪಟ್ಟಿ ಇದ್ದಂಗೈತೆ" ಎಂದರು.

"ನಾನೂ ಹಾಕ್ಕಬೋದಾ?" ಎಂದು ಮೊಮ್ಮಗಳನ್ನೇ ಕೇಳಿದರು. ಅವಳು ನಕ್ಕು ತಾನೇ ತಲೆಗೆ ಕಟ್ಟಿದಳು. ಬಹಳ ದಿನದ ಮೇಲೆ ಅವಳು ಅಜ್ಜಿಯ ಕೂದಲು ಮುಟ್ಟಿದ್ದನ್ನು ನಾನು ನೋಡಿದೆ.

ಅತ್ತೆ ಅತ್ತಿತ್ತ ತಲೆ ತಿರುಗಿಸಿದರು. ಪಕ್ಕದಲ್ಲಿ ಕೂತ ಇಲ್ಲದ ಮನುಷ್ಯನಿಗೆ, "ಅತ್ಲಾಗ್ ಸರ್ಕೊಳಪ್ಪ" ಎಂದರು. ಬಡಿಸುವವಳು ಬಂದಳು. ಅತ್ತೆ ರೂಢಿಯಂತೆ "ಸಾಕು ಸಾಕು" ಎಂದರು. ಬಡಿಸುವವಳು ಸೌಟು ಎತ್ತಿ ಮುಂದಕ್ಕೆ ಹೋದಳು. ಅತ್ತೆ ಕಾದರು. ಅವಳು ತಿರುಗಿ ನೋಡಲಿಲ್ಲ.

"ಇವ್ಳೇನವ್ವಾ ಇವ್ಳು?" ಎಂದು ಅತ್ತೆ ಕಣ್ಪಟ್ಟಿಯನ್ನು ಹಣೆಗೆ ಏರಿಸಿದರು. "ಸಾಕು ಅಂದೇಟ್ಗೆ ಓಗೇಬುಟ್ಳಲ್ಲ. ಯಾವ್ ಮನೇಲಿ ಇಂಗ್ ಬಡಿಸ್ತಾರೆ? ಕರ್ದು ಅವಮಾನ ಮಾಡ್ದಂಗಾಯ್ತು. ಮೂರ್ ಸರ್ತಿನಾದ್ರೂ ಹೇಳುಸ್ಕಬೇಡ್ವಾ?"

ಇಂಜಿನಿಯರು ತಲೆ ಕೆರೆದುಕೊಂಡರು. "ತಪ್ಪು ನಂದ್ರಿ ಮೇಡಂ. ನಮ್ಮ ಮಷಿನ್ಯಾಗ ಸ್ಟಾಪ್ ಅಂದ್ರ ಸ್ಟಾಪ್. ನಾ ಅದನ್ನ ಅಕಿಗೂ ಹಾಕಿಬಿಟ್ಟೀನಿ. ನಮ್ಮವ್ವನೂ ಸಾಕು ಅಂದ್ರ ನಿಲ್ಲಂಗಿಲ್ರಿ. ಖರೇ ಹೇಳ್ಬೇಕಂದ್ರ, ಸಾಕು ಅಂದ ಮ್ಯಾಲೇ ಅಕಿ ಶುರು ಮಾಡ್ತಾಳ."

ಮೇಡಂ ಪೆನ್ಸಿಲ್ ಹುಡುಕುತ್ತಿದ್ದಳು. ಮಗಳು ಅವಳ ತುರುಬಿನಿಂದ ಅದನ್ನು ತೆಗೆದು ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಹೇಳಿದಳು: "ಅಜ್ಜಿ ಹೇಳಿದ್ದು ಸರಿ. ಅಲ್ಲಿ ನಂಗೆ ಭಯ ಕಮ್ಮಿ ಆಗಿದ್ದು ಅದಕ್ಕೇ. ಅಲ್ಲಿ ಸಾಕು ಅಂದ್ರೆ ಸಾಕು. ಮನೇಲಿ ಹಾಗಲ್ಲ."

ಎಷ್ಟು ಮನೆಗಳಲ್ಲಿ ಎಷ್ಟು ಸಲ ನಾನೇ ಸಾಕು ಎಂದಿದ್ದೇನೆ, ಇನ್ನೊಂದು ಸಲ ಕೇಳಲಿ ಎಂದು ಕಾದಿದ್ದೇನೆ. ಬಡಿಸುವಾಗ ಯಾರ ಸಾಕನ್ನೂ ಮೊದಲ ಸಲಕ್ಕೆ ನಂಬಿದವಳಲ್ಲ. ನಮ್ಮಲ್ಲಿ ಅದು ಮರ್ಯಾದೆ. ಸ್ಕೂಲಿನಲ್ಲಿ ಸಿಸ್ಟರ್ ಊಟದ ಬೆಲ್ಲಿಗೆ ಬಂದು ನಿಂತು ನಮ್ಮ ಡಬ್ಬಿಗಳನ್ನು ಎತ್ತಿ ತೋರಿಸಲು ಹೇಳುತ್ತಿದ್ದರು, ಖಾಲಿ ಡಬ್ಬಿಯವರು ಒಳ್ಳೆಯ ಮಕ್ಕಳು. ಎರಡೂ ಕಡೆಯಿಂದ ಕಲಿತು ಬಂದವಳಿಗೆ, ಬೇಡ ಎಂಬುದು ನಿಜವಾಗಿ ಬೇಡ ಎಂದಿರಬಹುದೆಂದು ಹೊಳೆಯುವುದಾದರೂ ಹೇಗೆ?

ಬಡಿಸುವವಳಿಗೆ ಅತ್ತೆಯ ದನಿಯೇ ಬೇಕೆಂದು ಮೇಡಂ ಪಟ್ಟು ಹಿಡಿದಳು. ಮಗಳೂ ಒಪ್ಪಿದಳು. ಮುಂದಿನ ಶನಿವಾರ ಧ್ವನಿ ಹಿಡಿಯಲು ಮೈಕು ಇಟ್ಟರು. ಅತ್ತೆ ಕೂತರು, ಗಂಟಲು ಸರಿಮಾಡಿಕೊಂಡರು, ಒಂದು ಮಾತೂ ಬರಲಿಲ್ಲ.

"ಹೇಳ್ರಿ ಅಮ್ಮಾರ, ಇನ್ನೊಂದ್ ಸ್ವಲ್ಪ ಹಾಕ್ಕೋ ಅಂತ" ಎಂದರು ಇಂಜಿನಿಯರು.

"ಯಾರ್ಗೆ ಹೇಳ್ಳಿ, ಗೋಡೆಗಾ? ಎದ್ರುಗೆ ತಟ್ಟೆ ಇಲ್ದೆ ಬಾಯಿ ಬರಾಕಿಲ್ಲ ಕಣಪ್ಪ."

ಅವತ್ತು ಮನೆಯಿಂದ ನಾವು ಅತ್ತೆಗೂ ನನಗೂ ಎಂದು ಅನ್ನ, ಸೊಪ್ಪಿನ ಸಾರು ಕಟ್ಟಿಕೊಂಡು ಹೋಗಿದ್ದೆವು. ಇಂಜಿನಿಯರನ್ನೇ ನೆಲದ ಮೇಲೆ ಕೂರಿಸಿ ತಟ್ಟೆ ಇಟ್ಟೆವು. ಅತ್ತೆಗೆ ಕಳೆ ಬಂತು. "ಹಾಕ್ಕಳಪ್ಪ. ಏನ್ ಸಾಕು? ಇಷ್ಟಕ್ಕೆಲ್ಲ ಸಾಕು ಅಂತಾರಾ? ನಿಮ್ಮವ್ವ ನೋಡುದ್ರೆ ಏನಂದ್ಕತಾಳೆ? ಒಂದೇ ಸೌಟು. ಇದೇ ಕೊನೇದು." ಇಂಜಿನಿಯರು ನಾಲ್ಕು ಸಲ ಸಾಕೆಂದರು, ಐದು ಸಲ ಉಂಡರು. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ, "ಮೇಡಂ, ರೆಕಾರ್ಡಿಂಗ್ ಆತೇನ್ರಿ? ಆಗಿದ್ರ ನನ್ನ ಬಿಡಸ್ರಿ" ಎಂದರು. ಮಗಳು ಬಾಗಿಲಿಗೆ ಒರಗಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆದರೆ ಆ ದನಿ ಬಂದ ಮೇಲಿನ ಮೊದಲ ದಿನ ನಗು ಇರಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿದ್ದೆ. ಎರಡು ನಿಮಿಷಕ್ಕೆ ಒಳಗಿನಿಂದ ಅಳುವ ಸದ್ದು ಬಂತು. ಎದ್ದು ಬಾಗಿಲ ತನಕ ಹೋದೆ. ಗಾಜಿನಲ್ಲಿ ಕಂಡಿತು: ಮಗಳು ಹೆಡ್‌ಸೆಟ್ಟು ತೊಡೆಯ ಮೇಲಿಟ್ಟುಕೊಂಡು ಬಿಕ್ಕುತ್ತಿದ್ದಳು. ಮೇಡಂ ಅವಳ ಕಣ್ಣು ಒರೆಸಲಿಲ್ಲ, ಬೆನ್ನು ಸವರಲಿಲ್ಲ. ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಳು ತಾನಾಗಿ ಮುಗಿಯುವವರೆಗೂ ಕಾದಳು. ಆಮೇಲೆ ಕೇಳಿದಳು: "ಎಷ್ಟು?"

"ಹತ್ತು."

"ಮತ್ತೆ ಹಾಕ್ಕೋತೀಯಾ, ಇವತ್ತಿಗೆ ಸಾಕಾ?"

"ಸಾಕು."

"ಸರಿ" ಎಂದು ಮೇಡಂ ತಕ್ಷಣ ಎದ್ದು ಯಂತ್ರ ಆರಿಸಿದಳು. ಇನ್ನೊಂದೇ ಸಲ ಎನ್ನಲಿಲ್ಲ. ನಾನಾಗಿದ್ದರೆ ಅನ್ನುತ್ತಿದ್ದೆ. ಬೆಂಚಿಗೆ ವಾಪಸು ಬಂದು ಕೂತೆ.

ಮುಂದಿನ ವಾರಗಳಲ್ಲಿ ಮೆಟ್ಟಿಲು ಕಟ್ಟಿದರು. ಬಡಿಸುವವಳು ಮೊದಲು ಒಂದೇ ಸಲ ಒತ್ತಾಯಿಸುತ್ತಿದ್ದಳು, ಆಮೇಲೆ ಎರಡು ಸಲ, ಆಮೇಲೆ ಮೂರು ಸಲ. ಮಗಳು ಸಾಕು ಎನ್ನಬೇಕು. ಬೇಕಾದರೆ ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿಯಬೇಕು. ತಟ್ಟೆಗೆ ಬಿದ್ದದ್ದರ ಎದುರು ಎದ್ದುಹೋಗದೆ ಕೂರಬೇಕು. ಇದರ ಜೊತೆಗೇ ಆಸ್ಪತ್ರೆಯಲ್ಲಿ ಆಹಾರ ತಜ್ಞೆಯ ಎದುರು ನಿಜವಾದ ಊಟ ನಡೆಯುತ್ತಿತ್ತು, ಅವರು ಅಳೆದು ಕೊಟ್ಟದ್ದು. ಒಂದೊಂದು ವಾರ ಹಿಂದಕ್ಕೂ ಜಾರಿದಳು. ಯಾರೂ ಬೈಯಲಿಲ್ಲ. ನಾನು ಬೆಂಚಿನಲ್ಲಿ ಕೂತು ಗಾಜಿನಾಚೆ ನೋಡುತ್ತಿದ್ದೆ: ಖಾಲಿ ಗಾಳಿಯಲ್ಲಿ ಒಂದು ಸಣ್ಣ ಕೈ ಅಡ್ಡ ಬರುವುದು, ಮೊದಲು ಗಾಬರಿಯಿಂದ, ವಾರ ಕಳೆದಂತೆ ನಿಧಾನವಾಗಿ, ಕೊನೆಕೊನೆಗೆ ಯಾರನ್ನೋ ಸಮಾಧಾನ ಮಾಡುವ ಹಾಗೆ. ಅವಳು ಮಾಡುತ್ತಿದ್ದಂಥ ಕಷ್ಟದ ಕೆಲಸವನ್ನು ನನ್ನ ಜೀವಮಾನದಲ್ಲಿ ನಾನು ಮಾಡಿಲ್ಲ. ಅವಳನ್ನು ಹೆತ್ತವಳು ನಾನು ಎಂಬುದಕ್ಕಿಂತ, ಅದನ್ನು ನೋಡಲು ಸಿಕ್ಕಿತಲ್ಲ ಎಂಬುದೇ ದೊಡ್ಡದೆನಿಸುತ್ತಿತ್ತು.

ಆ ಹೆಡ್‌ಸೆಟ್ಟಿಗೆ ಇನ್ನೊಂದು ಗುಣವಿತ್ತು. ಹಾಕಿಕೊಂಡವರ ಕಣ್ಣು ಎಲ್ಲೆಲ್ಲಿ ನಿಂತಿತೆಂದು ಅದು ಗುರುತು ಮಾಡಿಡುತ್ತಿತ್ತು. ಹೆಚ್ಚು ನೋಡಿದ ಕಡೆ ಕೆಂಪು ಬೊಟ್ಟು, ಕಮ್ಮಿ ನೋಡಿದ ಕಡೆ ನೀಲಿ. ಅಧ್ಯಯನಕ್ಕೆ ಮುಖ್ಯವಾಗಿ ಬೇಕಾಗಿದ್ದದ್ದು ಅದೇ. ಒಂದು ದಿನ ಮೇಡಂ ಮಗಳನ್ನು ಕೇಳಿದಳು: "ನಿಮ್ಮಮ್ಮಂಗೆ ಇದನ್ನ ತೋರಿಸ್ಲಾ? ನೀನು ಬೇಡ ಅಂದ್ರೆ ತೋರಿಸಲ್ಲ."

ಮಗಳು ಉಗುರು ನೋಡಿಕೊಂಡು, "ತೋರ್ಸಿ" ಎಂದಳು.

ಅನ್ನದ ಮೇಲೆ ಕೆಂಪು ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಬೊಟ್ಟೇ ಇರಲಿಲ್ಲ ಎನ್ನಬೇಕು. ಪಕ್ಕದವರ ತಟ್ಟೆಯ ಮೇಲೆ ಅಲ್ಲಲ್ಲಿ ನೀಲಿ. ಕೆಂಪೆಲ್ಲ ಒಂದೇ ಕಡೆ ಗುಡ್ಡೆಯಾಗಿತ್ತು: ಬಡಿಸುವವಳ ಕೈಯ ಮೇಲೆ, ಮಣಿಕಟ್ಟಿನಿಂದ ಸೌಟಿನ ತುದಿಯವರೆಗೆ.

"ಊಟಕ್ಕೆ ಹೆದರ್ತಾರೆ ಅಂತ ನಾವು ಅಂದ್ಕೊಂಡಿರ್ತೀವಿ" ಎಂದಳು ಮೇಡಂ. "ಇವಳದ್ದು ಬರೀ ಅಷ್ಟೇ ಅಲ್ಲ ಆಂಟಿ. ಅವಳು ಕೈ ಕಾಯ್ತಿದ್ದಾಳೆ."

ನಾನೂ ಒಮ್ಮೆ ಕೂರಬಹುದೇ ಎಂದು ಕೇಳಿದೆ. ಮಗಳು ಕುರ್ಚಿ ಬಿಟ್ಟುಕೊಟ್ಟಳು. ಕಣ್ಣಿಗೆ ಕಟ್ಟಿದ ಕೂಡಲೇ ಪೀಣ್ಯ ಮಾಯವಾಯಿತು. ನಾನು ಮಗಳ ಜಾಗದಲ್ಲಿ, ಅವಳ ಎತ್ತರದಲ್ಲಿ ಕೂತಿದ್ದೆ. ಎಡಗಡೆಯಿಂದ ಅತ್ತೆಯ ದನಿ ಬಂತು, ಪ್ರೀತಿಯ ದನಿ. ದನಿಯ ಜೊತೆ ಕೈ ಬಂತು. ಉಗುರಿನ ಪಕ್ಕ ಒಗ್ಗರಣೆ ಸಿಡಿದ ಕಲೆಯನ್ನು ಕೂಡ ಬಿಡದೆ ಆ ಇಂಜಿನಿಯರು ಬಿಡಿಸಿದ್ದರು. ಮೂವತ್ತು ವರ್ಷದಿಂದ ನಾನು ನನ್ನ ಕಡೆಯಿಂದ ಮಾತ್ರ ನೋಡಿದ್ದ ಕೈ ಅದು. ಈ ಕಡೆಯಿಂದ ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಅದು ತಟ್ಟೆಯ ಮೇಲೆ ನಿಂತಿತು. "ಸಾಕು" ಎಂದೆ. ಹೋಗಲಿಲ್ಲ. ಮತ್ತೆ ಸಾಕು ಎಂದೆ. ಸೌಟು ಬಗ್ಗಿತು.

ಹೆಡ್‌ಸೆಟ್ಟು ತೆಗೆದಾಗ ಮೇಡಂ ನನ್ನನ್ನು ಹತ್ತರಲ್ಲಿ ಎಷ್ಟು ಎಂದು ಕೇಳಲಿಲ್ಲ. ನೀರು ಕೊಟ್ಟಳು.

ವಾಪಸು ಬರುವಾಗ ಜಾಲಹಳ್ಳಿ ಕ್ರಾಸಿನಲ್ಲಿ ನಮ್ಮ ಆಟೋ ಬಹಳ ಹೊತ್ತು ನಿಂತಿತು. ಪಕ್ಕದ ಲಾರಿಯ ಹೊಗೆಗೆ ಇಬ್ಬರೂ ಮೂಗಿಗೆ ದುಪಟ್ಟಾ, ಸೆರಗು ಹಿಡಿದುಕೊಂಡಿದ್ದೆವು. ಬಾಯಿ ಮುಚ್ಚಿಕೊಂಡಿದ್ದಕ್ಕೋ ಏನೋ, ಹೇಳುವುದು ಸುಲಭವಾಯಿತು.

"ಸಾರಿಗೆ ತುಪ್ಪ ಹಾಕಿ ಬಡಿಸ್ಬಾರದಿತ್ತು ಕಂದ. ಕ್ಷಮಿಸ್ಬಿಡು."

ಅವಳು ಸಿಗ್ನಲ್ ಕಡೆ ನೋಡುತ್ತಿದ್ದಳು. "ತುಪ್ಪ ಹಾಕಿದ್ದಕ್ಕಲ್ಲಮ್ಮ. ನೀನು ಹೆದರ್ಕೊಂಡಿದ್ದೆ ಅಂತ ಗೊತ್ತು. ಕೇಳ್ದಾಗ ಇಲ್ಲ ಅಂದ್ಯಲ್ಲ, ಅದಕ್ಕೆ. ಆಮೇಲೆ ನಂಗೆ ಯಾವ್ದು ನಿಜ ಅಂತಾನೇ ಗೊತ್ತಾಗ್ತಿರ್ಲಿಲ್ಲ. ನೀರು ಕೊಟ್ರೂ ನೋಡ್ತಿದ್ದೆ."

"ಇನ್ಮೇಲೆ ಕೇಳಿದ್ದಕ್ಕೆಲ್ಲ ನಿಜ ಹೇಳ್ತೀನಿ."

"ಹೇಳು ನೋಡೋಣ" ಎಂದಳು. ಅಷ್ಟೇ. ನಂಬುತ್ತೇನೆ ಎನ್ನಲಿಲ್ಲ.

ಮೇಡಂ ಕಟ್ಟಿದ ಮೆಟ್ಟಿಲಲ್ಲಿ ಕೊನೆಯದು ಪೀಣ್ಯದಲ್ಲಿ ಇರಲಿಲ್ಲ, ನಮ್ಮ ಅಡುಗೆಮನೆಯಲ್ಲಿತ್ತು. ಅದು ಯಾವ ದಿನ ಎಂದು ಮಗಳೇ ಗೊತ್ತುಮಾಡಬೇಕು, ನಾವು ಕೇಳಕೂಡದು. ಕೇಳದೆ ಇರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಒಂದು ವಾರ ಹೋಯಿತು, ಎರಡು ವಾರ. ಅತ್ತೆ, "ಇನ್ನೂ ಎಷ್ಟ್ ದಿನಾಂತ ಕಾಯೋದು ಕಣಮ್ಮಿ" ಎಂದು ನನ್ನ ಹತ್ತಿರ ಗೊಣಗುವರು. ನಾನು ತುಟಿಗೆ ಬೆರಳಿಡುವೆ.

ಒಂದು ಮಂಗಳವಾರ ನಾನು ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳೂ ಒಂದು ಹಿಡಿ ತೆಗೆದುಕೊಂಡು ಹಿತುಕತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಇವತ್ತು ಮಧ್ಯಾಹ್ನ ಕೂರ್ತೀನಿ. ನೀನೇ ಬಡ್ಸು" ಎಂದಳು.

ನಾನು ತಲೆಯಾಡಿಸಿದೆ.

ಅಡುಗೆ ಮುಗಿಯುವವರೆಗೆ ಅವಳು ಒಲೆಯ ಪಕ್ಕದಲ್ಲೇ ನಿಂತಿದ್ದಳು. ಎಣ್ಣೆ ಹಾಕುವಾಗ ನಾನು ಚಮಚವನ್ನು ಅವಳಿಗೆ ಕಾಣುವ ಹಾಗೆ ಹಿಡಿದೆ. "ಎರಡು ಚಮಚ, ನಾಲ್ಕು ಜನಕ್ಕೆ" ಎಂದೆ. ತೆಂಗಿನಕಾಯಿ ಎಷ್ಟು ಎಂದು ಕೇಳಿದಳು, ಹೇಳಿದೆ. ತುಪ್ಪವನ್ನು ಬಟ್ಟಲಲ್ಲಿ ಹಾಕಿ ಮೇಜಿನ ಮೇಲೆ ಇಟ್ಟೆವು, ಬೇಕಾದವರು ಹಾಕಿಕೊಳ್ಳಲಿ ಎಂದು. ಅವಳ ಮುಖದ ಬಣ್ಣ ಇಳಿದಿತ್ತು. ಆದರೂ ಕೂತಳು. ಎದುರಿಗೆ ಅತ್ತೆ ಕೂತರು.

ಅನ್ನ ಬಡಿಸಿದೆ. ಅವಳ ಕಣ್ಣು ನನ್ನ ಕೈಯ ಮೇಲೇ ಇತ್ತು; ನನಗೆ ಈಗ ಅದು ಗೊತ್ತಾಗುತ್ತಿತ್ತು. ಮೇಲೆ ಸಾರು ಹಾಕಿದೆ. "ಸಾಕು" ಎಂದಳು. ನನ್ನ ಕೈ ಗಾಳಿಯಲ್ಲಿ ಒಂದು ಕ್ಷಣ ತೂಗಾಡಿತು. ಮೂವತ್ತು ವರ್ಷದ ರೂಢಿ ಮಣಿಕಟ್ಟಿನಲ್ಲಿ ಕೂತಿರುತ್ತದೆ. ಸೌಟನ್ನು ಪಾತ್ರೆಗೆ ವಾಪಸು ಇಟ್ಟೆ.

ಅತ್ತೆಗೆ ತಡೆಯಲಾಗಲಿಲ್ಲ. "ಅಯ್ಯೋ, ಇನ್ನೊಂಚೂರ್ ಹಾಕ್ಕೋ ಮಗ" ಎಂದು ತಮ್ಮ ಕಡೆಯಿದ್ದ ಪಾತ್ರೆಗೆ ಕೈ ಹಾಕಿದರು. ಮಗಳ ಅಂಗೈ ತಟ್ಟೆಯ ಮೇಲೆ ಅಡ್ಡ ಬಂತು. "ಸಾಕಜ್ಜಿ" ಎಂದಳು. "ಒಂದೇ ಸೌಟು" ಎಂದರು ಅತ್ತೆ. "ಸಾಕು ಅಂದ್ನಲ್ಲಜ್ಜಿ" ಎಂದು ಅವಳು ಕೈ ತೆಗೆಯದೆ, ಎದ್ದುಹೋಗದೆ, ಅವರ ಮುಖವನ್ನೇ ನೋಡುತ್ತಾ ಕೂತಳು. ಅತ್ತೆ ಸೌಟನ್ನು ತಮ್ಮ ತಟ್ಟೆಗೇ ಬಗ್ಗಿಸಿಕೊಂಡು, "ಓಗ್ಲಿ ಬುಡು, ನಾನೇ ಉಣ್ತೀನಿ" ಎಂದರು.

ಮಗಳು ಕಲಸಿದಳು. ಮೊದಲ ತುತ್ತು ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು. ನಾನು ನೋಡಬಾರದೆಂದು ನನ್ನ ತಟ್ಟೆಯನ್ನೇ ನೋಡುತ್ತಿದ್ದೆ. ಆಮೇಲೆ ಎರಡನೆಯದು, ಮೂರನೆಯದು. ಅತ್ತೆ ಮನೆ ಹಿಂದಿನ ಬಾಡಿಗೆಯವರ ನಲ್ಲಿ ಸೋರುವ ವಿಷಯ ಶುರುಮಾಡಿದರು. ಬೇಕೆಂದೇ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಅಂಥ ಒಳ್ಳೆಯ ಮಾತನ್ನು ಅವರು ಬೇರೆ ಯಾವಾಗಲೂ ಆಡಿಲ್ಲ. ತಟ್ಟೆ ಪೂರ್ತಿ ಖಾಲಿಯಾಗಲಿಲ್ಲ. ಮುಕ್ಕಾಲು ಆಯಿತು. ಆಸ್ಪತ್ರೆಗೆ ಹೋಗುವುದು ನಿಂತಿಲ್ಲ, ಇನ್ನೂ ಹೋಗುತ್ತೇವೆ. ಕೆಟ್ಟ ವಾರಗಳು ಇನ್ನೂ ಬರುತ್ತವೆ.

ಆ ಮಧ್ಯಾಹ್ನ ಮಾತ್ರ, ತಟ್ಟೆ ಅರ್ಧವಾದಾಗ ಅವಳು ಬೆರಳು ನೆಕ್ಕಿ ಮುಖ ಸಿಂಡರಿಸಿದಳು.

"ಅಮ್ಮ, ಸಾರಿಗೆ ಉಪ್ಪು ಕಮ್ಮಿ."

ನಾನು ಉಪ್ಪು ತರಲು ಎದ್ದೆ.